ಒಗಿಯೋ ಕಲ್ಲಿನ ಇಂಗ್ಲಿಷ್

ನಮ್ಮ ಮಗಳು ಮೊನ್ನೆ ವಾಷಿಂಗ್ ಮಷೀನ್ ತರಿಸಿದಳು. ತರಿಸ್ಲಿ, ನಾ ಬ್ಯಾಡ ಅನ್ನಲಿಲ್ಲ. ಈ ಸೊಂಟಕ್ಕೂ ಈಗ ರಜಾ ಬೇಕಾಗೈತಿ. ಆದ್ರ ಅದನ್ನ ಹೊತಗೊಂಡು ಬಂದ ಗಂಡಸ್ರು ಹಿತ್ತಲಾ ನೋಡಿ, "ಜಾಗಾ ಸಾಲಂಗಿಲ್ಲಮ್ಮಾ, ಈ ಒಗಿಯೋ ಕಲ್ಲು ಕಿತ್ತು ಹಾಕೋಣೇನು" ಅಂತ ಕೇಳಿದಾಗ ನನ್ನ ಬಾಯಿಂದ ಏನೇನು ಬಂತೋ ದೇವರಿಗೇ ಗೊತ್ತು. ಕನ್ನಡದಾಗ ಶುರು ಆಗಿ ತೆಲುಗಿನಾಗ ಮುಗೀತು. ಮಷೀನು ಈಗ ಅಡಗಿಮನಿಯಾಗ ಫ್ರಿಜ್ಜಿನ ಮಗ್ಗಲಾಗ ಕುಂತೈತಿ. ಕಲ್ಲು ತನ್ನ ಜಾಗದಾಗ ಐತಿ.

ಆ ಕಲ್ಲಿನ ಮ್ಯಾಲೆ ಇಂಗ್ಲಿಷ್ ಅಕ್ಷರ ಅದಾವ. ಒಣಗಿದ್ದಾಗ ಅಷ್ಟು ಕಾಣಂಗಿಲ್ಲ, ನೀರು ಹಾಕಿದ್ರ ಎದ್ದು ಕಾಣತಾವ. ಯಾವುದೋ ಕಾರ್ಖಾನಿಯ ಅಡಿಗಲ್ಲು ಆಗಬೇಕಾಗಿತ್ತು ಅದು. 'ಫೌಂಡೇಶನ್ ಸ್ಟೋನ್ ಲೇಡ್ ಬೈ' ಅಂತ ಶುರು ಆಗಿ, ಹೆಸರು ಬರೋದ್ರಾಗ ನಿಂತುಬಿಟ್ಟೈತಿ. ಯಾಕಂದ್ರ ಆ 'ಲೇಡ್' ತಪ್ಪಿತ್ತು, ಕಡಿಯೋವಾಗ ಬಂದ ಗಿರಾಕಿ ಅಲ್ಲೇ ನಿಲ್ಲಿಸಿದ್ರು. ಎಲ್, ಎ, ಐ, ಡಿ ಇರಬೇಕಾದ ಕಡೆ ನಮ್ಮ ಮಾವ ಎಲ್, ಎ, ವೈ, ಇ, ಡಿ ಅಂತ ಕಡದಿದ್ರು. ಚೀಟಿ ಬರಕೊಟ್ಟ ಕಾರಕೂನನ ತಪ್ಪೋ, ಮಾವನ ಕಣ್ಣಿನ ತಪ್ಪೋ, ಇಬ್ರೂ ಹೋಗ್ಯಾರ, ಈಗ ಯಾರನ್ನ ಕೇಳೋದು.

ನಮ್ಮದು ಕಲ್ಲಿನ ಮ್ಯಾಲೆ ಅಕ್ಷರ ಕಡಿಯೋ ಮನಿತನ. ಮಾವ ಶಾಬಾದದ ಕಲ್ಲಿನ ಖಣಿಯಿಂದ ಈ ತೆಲುಗು ಸೀಮಿಯ ಸನತ್‌ನಗರಕ್ಕ ಬಂದು, ಕಾರ್ಖಾನಿಗಳ ಹಿಂದಿನ ಗಲ್ಲಿಯಾಗ ತಗಡಿನ ಶೆಡ್ಡು ಹಿಡದು, ಅದರ ಹಿಂದ ಎರಡು ಖೋಲಿ ಮನಿ ಮಾಡಿದ್ರು. ಅಡಿಗಲ್ಲು, ಉದ್ಘಾಟನಾ ಕಲ್ಲು, ದಾನ ಕೊಟ್ಟವರ ಕಲ್ಲು, ಕ್ರಿಸ್ತರ ಸಮಾಧಿ ಕಲ್ಲು, ಎಲ್ಲಾ ಮಾಡತಿದ್ರು. ಮಾವನಿಗೆ ಕನ್ನಡ ಓದಾಕ ಬರತಿತ್ತು, ಇಂಗ್ಲಿಷ್ ಬರತಿದ್ದಿಲ್ಲ. ಅದು ಅವರಿಗೆ ಬರೇ ಚಿತ್ರ. ಚೀಟಿಯಾಗ ಇದ್ದ ಚಿತ್ರಾನ ಕಲ್ಲಿನ ಮ್ಯಾಲೆ ಕಾವಿಮಣ್ಣಿನ ಬಣ್ಣದಲೆ ಬರದು, ಉಳಿ ಹಿಡದು ಕಡಿಯೋದು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ಲ, ಮಾವ ಅದಕ್ಕ ತಮ್ಮದೊಂದು ಸೇರಸತಿದ್ರು: ಉಳಿ ಇಟ್ರ ಹೋತು.

ಅದಕ್ಕ ಅವರು ಎರಡು ಪದ್ಧತಿ ಇಟ್ಟಿದ್ರು. ಒಂದು, ಕಲ್ಲಿನ ಕಡೇ ಅಕ್ಷರಾನ ಗಿರಾಕಿ ಇಲ್ದ ಕಡೀಬಾರದು. ಗಿರಾಕಿ ಬಂದು, ಎಲ್ಲಾ ನೋಡಿ, ಹೂಂ ಅಂದಮ್ಯಾಲೆ ಅವರ ಎದುರಿಗೆ ಆ ಅಕ್ಷರ ಕಡಿಯೋದು. ಕಡೇ ಅಕ್ಷರ ಬಿತ್ತು ಅಂದ್ರ ಗಿರಾಕಿ ಕಲ್ಲು ಒಪಗೊಂಡ್ರು ಅಂತ ಅರ್ಥ, ಅದರ ಮ್ಯಾಲೆ ತಕರಾರು ಇಲ್ಲ. ಎರಡನೇದು, ಗಿರಾಕಿ ಒಲ್ಲೆ ಅಂದ ಕಲ್ಲು ಕೆಟ್ಟ ಕಲ್ಲು. ಅದು ಮನಿಗೆ ಬರಬೇಕು, ಬ್ಯಾರೆಯವರ ಹೆಸರಿಗೆ ಹೋಗಬಾರದು. ಮನಿಗೆ ಬಂದು ಏನು ಮಾಡತೈತಿ? ಮೆಟ್ಟಲಾಗತೈತಿ, ಒಲಿ ಕಟ್ಟಿ ಆಗತೈತಿ, ಒಗಿಯೋ ಕಲ್ಲಾಗತೈತಿ. ಮನಿ ತುಂಬಿದಮ್ಯಾಲೆ ಆಜೂಬಾಜೂದವರು ಒಯ್ದ್ರು. ಹಿಂಗಾಗಿ ನಮ್ಮ ಗಲ್ಲಿಯಾಗ ತಪ್ಪು ಇಂಗ್ಲಿಷ್ ತುಳೀದ ಯಾರ ಮನಿಗೂ ಹೋಗಾಕ ಆಗಂಗಿಲ್ಲ. ಎದುರಿನ ಮನಿ ಹೊಸ್ತಿಲದಾಗ 'ಇನಾಗುರೇಟೆಡ್' ಐತಿ, ನಡುವಿನ ಒಂದು ಯು ಬಿಟ್ಟೈತಿ. ಮೂಲಿಮನಿ ಮೆಟ್ಟಲಿನಾಗ 'ಎರೆಕ್ಟೆಡ್' ಐತಿ, ಅದಕ್ಕ ಒಂದು ಆರ್ ಹೆಚ್ಚಿಗಿ. ನಳದ ಬುಡಕ 'ಡೊನೇಟೆಡ್' ಮಲಗೇತಿ, ಎರಡು ಟಿ ಹೊತಗೊಂಡು. ಎಲ್ಲಾ ಆಗಿಹೋದ ಮಾತ. ಕಲ್ಲಿಗೆ ಕಡಸೋದೇ ಆಗಿಹೋದದ್ದನ್ನ, ನಾಳೆ ಕಟ್ಟತೀವಿ, ನಾಡದು ಕೊಡತೀವಿ ಅಂತ ಯಾರೂ ಕಲ್ಲಿಗೆ ಕಡಸಂಗಿಲ್ಲ.

ಮದುವ್ಯಾಗಿ ಬಂದಾಗಿಂದ ನಾ ಆ ಒಗಿಯೋ ಕಲ್ಲಿನ ಮುಂದ ಬಗ್ಗಿದಾಕಿ. ಏಳನೇತ್ತಾ ತನಕ ಕನ್ನಡ ಸಾಲಿ ಕಲತಿದ್ದೆ, ಇಂಗ್ಲಿಷ್ ಅಕ್ಷರ ಗುರ್ತು ಇದ್ದವು. ಗಂಡನ ಅಂಗಿ ಕಾಲರು ತಿಕ್ಕತಿಕ್ಕತ, ಮಗಳ ಯೂನಿಫಾರ್ಮು ಕುಕ್ಕತಕುಕ್ಕತ, ಆ ಅಕ್ಷರ ಮನಸಿನ್ಯಾಗ ಓದಿಕೊಂತಿದ್ದೆ. ನಾ ಓದಿ ಕಲತ ಮೊದಲನೇ ಇಂಗ್ಲಿಷ್ ಶಬ್ದ ಆ 'ಲೇಡ್'. ನನಗ ಭಾಳ ಅಭಿಮಾನ ಇತ್ತು ಅದರ ಮ್ಯಾಲೆ. ಕಲ್ಲು ಕೆಟ್ಟದ್ದು ಅಂತ ಗೊತ್ತಿತ್ತು, ತಪ್ಪು ಯಾವ ಶಬ್ದದಾಗ ಐತಿ ಅಂತ ಯಾರೂ ಹೇಳಿದ್ದಿಲ್ಲ.

ಶೆಡ್ಡಿನಾಗ ಅಕ್ಷರ ಕಡಿಯೋದು ಗಂಡಸರ ಕೆಲಸ, ಅಂಚಿನ ಬಳ್ಳಿ, ಹೂ, ಗೆರಿ ಎಲ್ಲಾ ನನ್ನವು. ಹಂಗ ಭಾಳ ವರ್ಷ ನಡೀತು. ಮಾವ ತೀರಿಹೋದ್ರು. ಆಮ್ಯಾಲೆ ನಮ್ಮ ಮನಿಯವರಿಗೆ ಕೆಮ್ಮು ಹತ್ತಿತು. ದವಾಖಾನಿಯಾಗ ಫೋಟೋ ತಗದು, ಎದಿಯಾಗ ಕಲ್ಲಿನ ಧೂಳು ಕುಂತೈತಿ, ಇನ್ನ ಶೆಡ್ಡಿನೊಳಗ ಕಾಲಿಡಬಾರದು ಅಂದ್ರು. ಮೂರು ಹೊತ್ತೂ ಸುತ್ತಿಗಿ ಹಿಡದ ಮನಶಾ ಬಾಗಲಾ ಹೊರಗ ಹೊರಸಿನ ಮ್ಯಾಲೆ ಕುಂತು ಮೆಟ್ರೋ ಕಂಬ ನೋಡಿಕೊಂತ ಇರಬೇಕಾತು. ಅದನ್ನ ನೋಡಾಕ ಆಗತಿದ್ದಿಲ್ಲ ನನಗ.

ಅವಾಗ ಬಂದ್ರು ನಮ್ಮ ಭಾವ, ಅಂದ್ರ ಮನಿಯವರ ಅಣ್ಣ. ಅಪಾರ್ಟ್‌ಮೆಂಟಿಗೆ ಗ್ರಾನೈಟ್ ಕೂಡಸೋ ಗುತ್ತಿಗಿ ಹಿಡೀತಾರ. ಶೆಡ್ಡಿನ ಬಾಡಿಗಿ ಕರಾರು ಅವರ ಹೆಸರಿನ್ಯಾಗ ಇತ್ತು, ಕೀಲಿನೂ ಅವರ ಸೊಂಟದಾಗ. ಕೆಟ್ಟವರಲ್ಲ, ಆದ್ರ ಬಿದ್ದರೂ ಮೀಸಿ ಮಣ್ಣಾಗಿಲ್ಲ ಅನ್ನೋ ಜಾತಿ. "ಈಗೆಲ್ಲಾ ಕಂಪ್ಯೂಟರ್ ಮಷೀನು ಅಕ್ಷರ ಕಡೀತಾವ. ಈ ಶೆಡ್ಡು ಬಿಟ್ಟುಬಿಡೋಣ. ನಾಚಾರಂ ಕಡೆ ಒಂದು ಅಪಾರ್ಟ್‌ಮೆಂಟಿನಾಗ ವಾಚ್‌ಮನ್ ಕೆಲಸ ಐತಿ, ಮೆಟ್ಟಲ ಕೆಳಗ ಖೋಲಿ ಕೊಡತಾರ, ತಮ್ಮ ಕುಂತಲ್ಲೆ ಕುಂತಿರಬಹುದು" ಅಂದ್ರು. ಶೆಡ್ಡು ಹೋದ್ರ ಹಿಂದಿನ ಮನಿನೂ ಹೋಗತೈತಿ. ಮಗಳು ಅವಾಗ ಇಲ್ಲೇ ಸಾಲಿಗೆ ಹೋಗಾಕತ್ತಿದ್ಲು. ನಮ್ಮ ಮನಿಯವರು ಕೆಮ್ಮಿದ್ರು ಅಷ್ಟ.

ನಾ ಅಂದೆ, "ನಾ ಕಡೀತೀನಿ."

ಭಾವ ನಕ್ಕರು. "ಬಳ್ಳಿ ಬ್ಯಾರೆ, ಅಕ್ಷರ ಬ್ಯಾರೆ. ನಿನಗ ಇಂಗ್ಲಿಷ್ ಬರತೈತೇನು?"

"ಮಾವನಿಗೆ ಬರತಿತ್ತೇನು?" ಅಂದೆ. ಆಡೋ ಬಾಯಿಗೆ ತಡಿ ಇಲ್ಲ ನೋಡ್ರಿ ನಂದು. ಸತ್ತ ಅಪ್ಪನ ಮಾತು ಬಂತಲ್ಲ, ಭಾವನ ಮಾರಿ ಕೆಂಪಾತು. ನಮ್ಮ ಮನಿಯವರು ನಡುವ ಬಂದು, ಒಂದು ಕಲ್ಲು ಮಾಡ್ಲಿ ಬಿಡಣ್ಣಾ ಅಂತ ಸಮಾಧಾನ ಮಾಡಿದ್ರು. ಕಡೀಕ ಭಾವ ಒಂದು ಕರಾರು ಹಾಕಿದ್ರು. ಮುಂದ ಬರೋ ಕಲ್ಲು ನಾ ಕಡೀಬೇಕು. ಗಿರಾಕಿ ಒಪ್ಪಿದ್ರ ಶೆಡ್ಡು ನಂದು. ಕಲ್ಲು ಕೆಟ್ರ ಅವತ್ತ ಶಟರ್ ಎಳದು ಕೀಲಿ ಮಾಲಕಗ ಕೊಡೋದು, ಆಮ್ಯಾಲೆ ನಾ ಪಿಟಕ್ ಅನ್ನಬಾರದು.

ಹಂಗ ಬಂದ ಕಲ್ಲು ಅಕ್ಕೋರದು. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅಂತೀವಿ. ಇವರು ಬೀದರದ ಕ್ರಿಸ್ತರು, ಇಲ್ಲಿ ಒಂದು ಸಾಲಿಯಾಗ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಆಟೋದಿಂದ ಇಳದು, ಛತ್ರಿ ಊರಿಕೊಂಡು ಬಂದು, ನನ್ನ ಕೈಯಾಗಿನ ಉಳಿ ನೋಡಿ, "ನೀನ ಕಡಿಯಾಕೇನು?" ಅಂತ ಕನ್ನಡದಾಗ ಕೇಳಿದ್ರು. ಹೌದ್ರಿ ಅಂದೆ. "ಛಲೋ ಆತು. ನಮ್ಮವರಿಗೂ ಕೈಕೆಲಸ ಮಾಡೋ ಹೆಣ್ಮಕ್ಕಳಂದ್ರ ಭಾಳ ಗೌರವ ಇತ್ತು" ಅಂದ್ರು. ಅವರ ಯಜಮಾನರು ತೀರಿಕೊಂಡು ಸ್ವಲ್ಪ ದಿನ ಆಗಿತ್ತು. ಸಮಾಧಿ ಮ್ಯಾಲೆ ಮಲಗಸೋ ಹಲಗಿ ಬೇಕಾಗಿತ್ತು. ಗ್ರಾನೈಟ್ ಬ್ಯಾಡ, ನಮ್ಮ ಕಡೀದು ಶಾಬಾದ ಕಲ್ಲ ಆಗಬೇಕು ಅಂದ್ರು. ಚೀಟಿಯಾಗ ಹೆಸರು, ಅದರ ಕೆಳಗ 'ಲೇಡ್ ಟು ರೆಸ್ಟ್', ಅದರ ಕೆಳಗ 'ಲವ್ಡ್ ಬೈ ಆಲ್' ಅಂತ ಗುಂಡಗ ಬರದಿದ್ರು.

ಕಾವಿಲೆ ಬರದಮ್ಯಾಲೆ ಒಂದು ಸಲ ಬಂದು ನೋಡಿ ಹೋಗತೀನಿ ಅಂದಿದ್ರು. ಆದ್ರ ಅವರಿಗೆ ಮೈಕೈ ನೋವಿನ ಜ್ವರ ಬಂತು, ಹಾಸಿಗಿ ಹಿಡದ್ರು. ಇಲ್ಲಿ ಭಾವ ದಿನಾ ಬಂದು "ಆತೇನು, ಆತೇನು" ಅಂತ ಬೆನ್ನು ಹತ್ತಿದ್ರು. ನಾನೂ ಜಿದ್ದಿನಾಕಿ, ಶುರು ಮಾಡೇ ಬಿಟ್ಟೆ. ಹೆಸರು ಕಡಿಯೋದು ತ್ರಾಸಾತು. ಗೊತ್ತಿಲ್ಲದ ಹೆಸರು, ಒಂದೊಂದು ಅಕ್ಷರಕ್ಕೂ ಚೀಟಿ ನೋಡೋದು, ಕಲ್ಲು ನೋಡೋದು, ಮತ್ತ ಚೀಟಿ ನೋಡೋದು. ನಮ್ಮ ಮನಿಯವರು ಹೊರಸಿನಿಂದ ಕೂಗಿ ಹೇಳತಿದ್ರು, ಉಳಿ ಮಲಗಸು, ಸುತ್ತಿಗಿ ಹಗೂರಕ ಬಿಡು, ಸಿಟ್ಟು ಕಲ್ಲಿನ ಮ್ಯಾಲೆ ಬ್ಯಾಡ ಅಂತ. ನನ್ನ ಸಿಟ್ಟು ಎಲ್ಲಿ ಹೋಗತೈತಿ ಅಂತ ಅವರಿಗೆ ಛಲೋತ್ನಂಗ ಗೊತ್ತು.

ಹೆಸರು ಮುಗಿಸಿ 'ಲೇಡ್'ಕ್ಕ ಬಂದಾಗ ಎದಿ ಹಗೂರಾತು. ಇದು ನನಗ ಗೊತ್ತಿದ್ದ ಶಬ್ದ. ದಿನಾ ಸಬಕಾರ ಹಚ್ಚಿ ತೊಳದ ಶಬ್ದ. ಗೊತ್ತಿದ್ದ ಊರಿಗೆ ಯಾರಾದ್ರೂ ದಾರಿ ಕೇಳತಾರೇನು? ಚೀಟಿ ಕಡೆ ನೋಡಲೇ ಇಲ್ಲ. ಸರ್ರಂತ ಕಾವಿಲೆ ಬರದೆ, ಕಡದೆ. ಆ ಕಲ್ಲಿನ್ಯಾಗ ಎಲ್ಲಾಕ್ಕಿಂತ ಚಂದ ಬಂದ ಶಬ್ದ ಅದ. ಮನಿಯವರನ್ನ ಕರದು ದೂರದಿಂದ ತೋರಿಸಿದೆ, ಅವರೂ "ಅಪ್ಪನ ಕೈ ಬಂದೈತಿ ನಿನಗ" ಅಂದ್ರು. ಖರೇನ ಅಪ್ಪನ ಕೈಯೇ ಬಂದಿತ್ತು, ಅಪ್ಪನ ತಪ್ಪಿನ ಸಮೇತ. ಅವರೂ ಅದ ಕಲ್ಲಿನ ಮ್ಯಾಲೆ ಒಗದ ಅಂಗಿ ಹಾಕಿಕೊಂಡು ಬೆಳದವರು, ಅವರಿಗರ ಹೆಂಗ ತಿಳೀಬೇಕು.

'ಲವ್ಡ್ ಬೈ ಆಲ್'ದ ಕಡೇ ಎಲ್ ಬಿಟ್ಟು ಉಳದದ್ದೆಲ್ಲಾ ಮುಗಿಸಿ ಅಕ್ಕೋರಿಗೆ ಫೋನ್ ಮಾಡಿದೆ. ಜ್ವರ ಇಳದಿತ್ತು, ಮರುದಿನ ಮುಂಜಾನೆ ಬಂದ್ರು. ಭಾವನೂ ಬಂದು ಶಟರ್ ಹತ್ರ ನಿಂತಿದ್ರು, ಕೀಲಿ ಕೈಬಟ್ಟಿಗೆ ಸಿಗಸಿಕೊಂಡು ತಿರಗಿಸಿಕೊಂತ. ನಾ ಕಲ್ಲಿನ ಮ್ಯಾಲೆ ನೀರು ಹೊಡದೆ, ಅಕ್ಷರ ಎದ್ದವು. ಅಕ್ಕೋರು ಚಸ್ಮಾ ಹಾಕಿಕೊಂಡು ಹೆಸರು ಓದಿದ್ರು, ತಲಿ ಆಡಸಿದ್ರು. ಕೆಳಗ ಬಂದ್ರು. ಅಲ್ಲೇ ನಿಂತುಬಿಟ್ರು.

ತೋರಬಟ್ಟು ತಂದು 'ಲೇಡ್'ನ ವೈ ಮ್ಯಾಲೆ ಇಟ್ರು, ಇ ಮ್ಯಾಲೆ ಇಟ್ರು. ಚೀಟಿ ತಗದು ನೋಡಿದೆ. ಎಲ್, ಎ, ಐ, ಡಿ. ಕಲ್ಲು ನೋಡಿದೆ. ಭಾವ ಹತ್ರ ಬಂದ್ರು, ಅವರಿಗೂ ತಿಳೀತು. "ಆತಲ್ಲ" ಅಂದ್ರು. ಅವರ ದನಿಯಾಗ ಖುಷಿ ಇರಲಿಲ್ಲ ಅನ್ನೋದನ್ನ ಹೇಳಬೇಕು ನಾ. ಹೊರಸಿನಿಂದ ನಮ್ಮ ಮನಿಯವರು ಎದ್ದು ನಿಂತಿದ್ರು. ನನ್ನ ಕಣ್ಣ ಮುಂದ ಆ ಮೆಟ್ಟಲ ಕೆಳಗಿನ ಖೋಲಿ ಬಂತು.

ಅಕ್ಕೋರು ಬೈಯಲಿಲ್ಲ. "ಚೀಟಿಯಾಗ ನಾ ಸರಿ ಬರದೀನಲ್ಲವಾ, ಇದನ್ನ ಎಲ್ಲಿಂದ ತಂದಿ?" ಅಂತ ಕೇಳಿದ್ರು, ಸಾಲಿ ಹುಡುಗಿಗೆ ಕೇಳಿದಂಗ. ಅವರ ಕೈ ಹಿಡಕೊಂಡು ಹಿಂದ ಹಿತ್ತಲಕ್ಕ ಕರಕೊಂಡು ಹೋದೆ. ಬಕೆಟ್ಟಿನಾಗಿನ ನೀರು ಒಗಿಯೋ ಕಲ್ಲಿನ ಮ್ಯಾಲೆ ಸುರುವಿದೆ. ಇಲ್ಲಿಂದ್ರೀ ಅಂದೆ.

ಅಕ್ಕೋರು ನೋಡಿದ್ರು. ನೋಡಿ ನಗಾಕ ಹತ್ತಿದ್ರು. ನಗ್ತ ನಗ್ತ ಅಲ್ಲೇ ಕಲ್ಲಿನ ಅಂಚಿಗೆ ಕುಂತ್ರು, ಸೀರಿ ತೊಯ್ದ್ರೂ ಲಕ್ಷ್ಯ ಇಲ್ಲ. ನೋಡನೋಡತ ಆ ನಗು ಅಳು ಆಗಿತ್ತು. ನಾ ಹೆದರಿದೆ, ನೀರು ತರಲೇನ್ರಿ ಅಂದೆ. ಸೆರಗಿನಿಂದ ಮಾರಿ ಒರಸಿಕೊಂಡು ಅವರು ಹೇಳಿದ್ರು.

ಅವರ ಯಜಮಾನರು ನೆಲದಾಗ ಟೆಲಿಫೋನ್ ಕೇಬಲ್ ಹಾಕಸೋ ಕೆಲಸದಾಗ ಇದ್ರಂತ. ದಿನಾ ಸಂಜೀಕ ಮನಿಗೆ ಬಂದು, ಎಲ್ಲೆಲ್ಲಿ ಎಷ್ಟು ಕೇಬಲ್ ಹಾಕಸಿದೆ ಅಂತ ಇಂಗ್ಲಿಷಿನಾಗ ವರದಿ ಬರೀತಿದ್ರಂತ. ಕೇಬಲ್ ಹಾಕಿದ್ದಕ್ಕೂ ಇಂಗ್ಲಿಷಿನಾಗ 'ಲೇಡ್' ಅನ್ನೋದಂತ. ದಿನಾ ಅದ ಶಬ್ದ, ದಿನಾ ಅದ ತಪ್ಪು, ಎಲ್, ಎ, ವೈ, ಇ, ಡಿ. ಅಕ್ಕೋರು ಕೆಂಪು ಪೆನ್ನು ತಗೊಂಡು ತಿದ್ದೋದು, ಅವರು ಮರುದಿನ ಮತ್ತ ಹಂಗ ಬರಿಯೋದು. "ಕೇಬಲ್ ನೆಲದಾಗ ಸರಿ ಬಿದ್ದೈತಿ, ಫೋನ್ ಹತ್ತೈತಿ, ಇನ್ನೇನು ಬೇಕ ನಿನಗ ಅಂತಿದ್ರವಾ. ಮದುವ್ಯಾದಾಗಿಂದ ಇದ ಜಗಳ. ರಿಟೈರ್ ಆದಮ್ಯಾಲೂ ಬಿಡಲಿಲ್ಲ, ನನ್ನ ಸಿಟ್ಟಿಗೆಬ್ಬಸಾಕ ಬೇಕಂತ ಹಂಗ ಬರೀತಿದ್ರು. ಅವರು ಹೋದಮ್ಯಾಲೆ ಈ ಶಬ್ದಾನ ಹಿಂಗ ಬರದದ್ದು ನನಗ ಯಾರೂ ತೋರಿಸಿರಲಿಲ್ಲ." ಹಿಂಗ ಹೇಳಿ ಮತ್ತ ಕಣ್ಣು ಒರಸಿಕೊಂಡ್ರು. ನಾನೂ ಅತ್ತೆ. ನನ್ನ ಅಳು ಶೆಡ್ಡಿಗೆ ಎಷ್ಟು, ಅವರಿಗೆ ಎಷ್ಟು ಅಂತ ನನಗ ಇವತ್ತಿಗೂ ಬಿಡಿಸಿ ಹೇಳಾಕ ಬರಂಗಿಲ್ಲ.

ಎದ್ದು ಶೆಡ್ಡಿಗೆ ಬಂದ್ರು. ಭಾವ ಶಟರಿನ ಕೊಕ್ಕೆಗೆ ಆಗಲೇ ಕೈ ಹಾಕಿದ್ರು. ಅಕ್ಕೋರು ನನಗ ಉಳಿ ತಗೋ ಅಂದ್ರು. "ಕಡೇ ಅಕ್ಷರ ಕಡಿ."

ನನಗ ತಿಳೀಲಿಲ್ಲ. ಭಾವನಿಗೆ ತಿಳೀತು. "ಅಕ್ಕೋರ, ಅದು ಕೆಟ್ಟ ಕಲ್ಲು. ಸಮಾಧಿಗೆ ಹೋಗಂಗಿಲ್ಲ. ನಮ್ಮ ಅಪ್ಪ ಹಾಕಿದ ಪದ್ಧತಿ ಐತಿ" ಅಂದ್ರು.

"ಕೆಟ್ಟೈತಿ ಅಂತ ಯಾರು ಹೇಳಬೇಕು, ನಿಮ್ಮ ಅಪ್ಪನ ಪದ್ಧತಿ ಪ್ರಕಾರ?"

"ಗಿರಾಕಿ ಹೇಳಬೇಕ್ರಿ."

"ಗಿರಾಕಿ ನಾನು. ಹೇಳಿಲ್ಲಲ್ಲ ನಾ." ಆಮ್ಯಾಲೆ ನನ್ನ ಕಡೆ ತಿರಗಿ, "ಈ ಮುಖಾ ಕೆಳಗ, ಅವರ ಕಡೆ ಇರ್ಲಿ. ಅವರಿಗೆ ತಿಳಿಯೋ ಇಂಗ್ಲಿಷ್ ಇದ. ಈ ಕಲ್ಲು ಎರಡೂ ಕಡೆ ಸಪಾಟ ಐತಿ, ಹಿಂದಿನ ಮುಖದಾಗ ಸರಿಯಾಗಿ ಬರಿ, ಅದು ಮಂದಿ ಓದಾಕ. ಆದ್ರ ಮೊದಲ ಇದನ್ನ ಪೂರಾ ಮಾಡು. ಅರ್ಧಾ ಬಿಟ್ಟ ಕೆಲಸ ಅವರಿಗೆ ಸೇರತಿದ್ದಿಲ್ಲ" ಅಂದ್ರು.

ನಮ್ಮ ಮನಿಯವರು ಮೂಗಿಗೆ ಟವೆಲ್ ಸುತ್ತಿಕೊಂಡು, ಡಾಕ್ಟರ ಮಾತು ಮೀರಿ ಒಳಗ ಬಂದು ನನ್ನ ಹಿಂದ ನಿಂತ್ರು. ನಾ ಬೈಯಬೇಕಂದೆ, ಬೈಯಾಕ ಆಗಲಿಲ್ಲ. ಆ ಎಲ್ ಕಡದೆ. ಅಕ್ಕೋರು ಹೂಂ ಅಂದ್ರು. ಕಡೇ ಅಕ್ಷರ ಬಿದ್ದಿತ್ತು, ಮಾವನ ಪದ್ಧತಿ ಪ್ರಕಾರ ಇನ್ನ ತಕರಾರು ಇಲ್ಲ. ಭಾವ ಕೊಕ್ಕೆ ಬಿಟ್ಟು, ಚಹಾ ತರಿಸ್ತೀನಿ ಅಂತ ಹೊರಗ ಹೋದ್ರು.

ಮರುದಿನ ಗೋಣಿಚೀಲದ ಮ್ಯಾಲೆ ಉಸುಕು ಹಾಸಿ, ಕಲ್ಲು ಬೋರಲು ಮಲಗಸಿ, ಹಿಂದಿನ ಮುಖ ಉಜ್ಜಿ ಶುರು ಮಾಡಿದೆ. ಅಕ್ಕೋರು ದಿನಾ ಬಂದ್ರು. ಒಂದು ಅಕ್ಷರಾನೂ ಕಲಿಸದ ಸುಮ್ಮನ ಕುಂದ್ರೋ ಹೆಣ್ಣುಮಗಳಲ್ಲ ಅವರು. "ನೀ ಇದ ಕೆಲಸ ಮಾಡಾಕಿ ಅಂದ್ರ ಇದನ್ನ ಕಲಿಯಾಕ ಬೇಕು" ಅಂದು, ಊಟದ ಹೊತ್ತಿನಾಗ ನನ್ನ ಕರಕೊಂಡು ಗಲ್ಲಿ ತುಂಬ ತಿರಗಾಕ ಹತ್ತಿದ್ರು. ಯಾರ ಮನಿ ಮುಂದ ಯಾವ ಕಲ್ಲು ಐತೋ ಅಲ್ಲಿ ನಿಂತು, ಛತ್ರಿ ತುದಿಲೆ ತೋರಿಸಿ ಪಾಠ. ಗಲ್ಲಿ ಮಂದಿ ಬಾಗಲಾಗ ನಿಂತು ನೋಡತಿದ್ರು. ಎದುರಿನ ಮನಿಯಾಕಿ, ತನ್ನ ಹೊಸ್ತಿಲದಾಗ ತಪ್ಪು ಐತಿ ಅಂತ ತಿಳದು ಮಾರಿ ಸಣ್ಣದು ಮಾಡಿದ್ಲು. ಹೊಸ್ತಿಲು ಗಟ್ಟಿ ಐತಿಲ್ಲವಾ, ಸಾಕು ಅಂತ ಅಕ್ಕೋರೇ ಸಮಾಧಾನ ಹೇಳಿದ್ರು.

ಅವರು ಕಲಿಸಿದ್ದು ನನಗ ಇವತ್ತಿಗೂ ಬಾಯಿಪಾಠ ಐತಿ. ಲೇ, ಪೇ, ಸೇ ಮೂರೂ ಅಕ್ಕತಂಗೇರು, ಆಗಿಹೋದ ಮಾತಿಗೆ ಮೂವರೂ ವೈ ತವರಮನ್ಯಾಗ ಬಿಟ್ಟು ಐ, ಡಿ ಕಟಗೊಂಡು ಹೊಂಟ್ರು. ಪ್ಲೇ, ಸ್ಟೇ ಅವರ ಹಂಗಲ್ಲ, ವೈ ಬಿಡಂಗಿಲ್ಲ, ಅದರ ಹಿಂದ ಇ, ಡಿ ಹಚ್ಚಿಕೊಂಡ್ರು. ಸ್ಟಾಪ್‌ಗೆ ಇನ್ನೊಂದು ಪಿ ಬೇಕು, ಪ್ಲಾನ್‌ಗೆ ಇನ್ನೊಂದು ಎನ್ ಬೇಕು. ಕ್ಯಾರಿ ಅನ್ನೋದರಾಗ ಅತ್ತಿ ವೈ ಊರಿಗೆ ಹೋದ್ರ ಸೊಸಿ ಐ ಬಂದು ಅದ ಜಾಗದಾಗ ಕುಂದ್ರತಾಳ. ನಾ ತಪ್ಪಿದ್ರ ಛತ್ರಿಲೆ ಮೆತ್ತಗ ಬಡಿಯೋರು. ನಾನೂ ಬಿಡತಿದ್ದಿಲ್ಲ, "ಎರಡು ಅಕ್ಷರ ಹೆಚ್ಚು ಕಡದ್ರ ಕೈ ನೋಯೋದು ನಂದ್ರೀ, ಇಂಗ್ಲಿಷ್ ಮಾಡಿದವರಿಗೆ ಏನು ಗೊತ್ತು" ಅಂತಿದ್ದೆ. ಅದಕ್ಕ ಅವರು ನಗೋರು. ನಮ್ಮ ಮನಿಯವರು ಹೊರಸಿನ ಮ್ಯಾಲೆ ಕುಂತು ಕೇಳಿ ಕೇಳಿ ನನಗಿಂತ ಜಲ್ದಿ ಕಲತ್ರು. ಇವತ್ತು ಬರೋ ಚೀಟಿ ಎಲ್ಲಾ ಮೊದಲ ಅವರ ಕೈಗೆ ಹೋಗತಾವ, ಅವರು ಅಕ್ಷರ ಅಕ್ಷರ ಕೂಗತಾರ, ನಾ ಕಾವಿಲೆ ಬರೀತೀನಿ. ಆ ಮನಶಾಗ ಕೆಲಸ ಬಂತು, ಹೊರಸಿನ ಮ್ಯಾಲೆ ಕುಂತ ಮಾರಿಗೆ ಕಳಾ ಬಂತು. ಇದಕ್ಕ ನಾ ಅಕ್ಕೋರಿಗೆ ಯಾವ ಬಾಯಿಲೆ ಶರಣು ಹೇಳಬೇಕು? ಒಂದು ದಿನ ಅಕ್ಕೋರು ಅಬಿಡ್ಸ್‌ನ ಫೂಟ್‌ಪಾತಿನಿಂದ ಒಂದು ಹಳೇ ಇಂಗ್ಲಿಷ್ ಡಿಕ್ಷನರಿ ತಂದು, ನನಗಲ್ಲ, ನಮ್ಮ ಮನಿಯವರಿಗೆ ಕೊಟ್ಟು ಹೋದ್ರು.

ಎರಡನೇ ಮುಖ ಮುಗಿಯೋ ದಿನ ಕಡೇ ಎಲ್ ಕಡಿಯೋಕಿಂತ ಮೊದಲ ಅಕ್ಕೋರು ಒಂದೊಂದ ಅಕ್ಷರ ಬಟ್ಟು ಇಟ್ಟು ಓದಿದ್ರು. ಎಲ್ಲಾ ಸರಿ ಇತ್ತು. ಕಲ್ಲು ಟೆಂಪೋಕ್ಕ ಏರಸೋವಾಗ ಭಾವನೂ ಭುಜಾ ಕೊಟ್ರು. ಏರಿಸಿ ಆದಮ್ಯಾಲೆ ಕೈ ಝಾಡಿಸಿಕೊಂಡು, ಸೊಂಟದಿಂದ ಕೀಲಿ ತಗದು, ನನ್ನ ಮಾರಿ ನೋಡದ ನನ್ನ ಕೈಯಾಗ ಹಾಕಿದ್ರು. "ಕಳಕೋಬ್ಯಾಡ. ಇನ್ನೊಂದು ಮಾಡಸಾಕ ನಾ ಒಲ್ಲೆ" ಅಂದ್ರು. ಅಷ್ಟ ಅವರ ಬಾಯಿಂದ ಬರೋದು, ನನಗ ಅದ ಭಾಳ ಆತು. ಕೀಲಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಸ್ಮಶಾನದಾಗ ಬೇವಿನ ಗಿಡದ ಕೆಳಗ ಜಾಗಾ. ಹಗ್ಗ ಹಾಕಿ, ಹಾರಿ ಕೊಟ್ಟು, ಕಲ್ಲನ್ನ ಸಮಾಧಿ ಕಟ್ಟಿ ಮ್ಯಾಲೆ ತಂದು ನಿಂದರಿಸಿದ್ರು. ಇನ್ನ ಮಲಗಸೋದೊಂದ ಬಾಕಿ. ಅವಾಗ ಅಕ್ಕೋರು ಸ್ವಲ್ಪ ತಡೀರಿ ಅಂದು, ಕಲ್ಲಿನ ಹಿಂದ ಬಂದು, ಕೆಳಗ ಹೋಗೋ ಮುಖದ ಮುಂದ ಬಗ್ಗಿದ್ರು. ಕೈಚೀಲದಿಂದ ಕೆಂಪು ಪೆನ್ನು ತಗದ್ರು. ನಾ ಮಗ್ಗಲಾಗ ನಿಂತಿದ್ದೆ, ಎಲ್ಲಾ ನೋಡಿದೆ. ಪೆನ್ನಿನ ಟೊಪ್ಪಿಗಿ ತಗದು, ಆ ಶಬ್ದದ ಹತ್ರ ಒಯ್ದು, ಎಲ್, ಎ, ವೈ, ಇ, ಡಿ ಅಂತ ಒಂದೊಂದ ಅಕ್ಷರ ಓದಿದ್ರು. ಕಲ್ಲಿಗೆ ಪೆನ್ನು ಮುಟ್ಟಸಲಿಲ್ಲ. ಟೊಪ್ಪಿಗಿ ಹಾಕಿ ಚೀಲದಾಗ ಇಟ್ಟುಕೊಂಡ್ರು.

"ಈ ಸಲ ತಿದ್ದಂಗಿಲ್ಲ ನಾ" ಅಂತ ಕಲ್ಲಿಗೆ ಹೇಳಿ, ನನ್ನ ಭುಜಾ ಹಿಡಕೊಂಡು ಹಿಂದ ಸರದು ನಿಂತ್ರು. "ಇಳಸ್ರಿ ಇನ್ನ" ಅಂದ್ರು. ನಾವು ಕಲ್ಲು ಇಳಸಿದಿವಿ.